ಒಂದೇ ಬೆರಳಿನ ಹಾಡು

ರವಿವಾರ, ೨೩ ಏಪ್ರಿಲ್ ೧೯೯೫
ಸೋಲಾಪುರ

ಇವರಿಗೆ ಲಕ್ವಾ ಹೊಡೆದು ಇಂದಿಗೆ ಏಳು ವಾರ. ಬಲಗೈ, ಬಲಗಾಲು ಬಿದ್ದಿವೆ. ಮಾತು ಪೂರ್ತಿ ಹೋಗಿದೆ. ಎಡಗೈ ಒಂದು ಉಳಿದಿದೆ, ಅದನ್ನು ಸುಮ್ಮನೆ ಬಿಡಬೇಡಿ, ಏನಾದರೂ ಕೆಲಸ ಕೊಡಿ ಎಂದು ಡಾಕ್ಟರು ಹೇಳುತ್ತಾರೆ. ಕಲೆಕ್ಟರ್ ಕಚೇರಿಯಲ್ಲಿ ಮೂವತ್ತು ವರ್ಷ ಬರೆದದ್ದೆಲ್ಲ ಬಲಗೈ. ಎಡಗೈಗೆ ಏನು ಕೆಲಸ ಕೊಡಲಿ?

ಮಧ್ಯಾಹ್ನ ವರದಾ ಪುಣೆಯಿಂದ ಬಂದಳು. ಬಗಲಲ್ಲಿ ಉದ್ದನೆಯ ರಟ್ಟಿನ ಖೋಕೆ. ಬಿಚ್ಚಿದರೆ ಒಳಗೆ ಕರೆಂಟಿನ ಕೀಬೋರ್ಡು. ಇವರಿಗೆ ಹಾಡೆಂದರೆ ಆಗದು. ಮದುವೆಯಾದ ಹೊಸದರಲ್ಲಿ ನಾನು ಒಲೆಯ ಮುಂದೆ ಗುನುಗಿದರೂ ಎದ್ದು ಹೊರಗೆ ಹೋಗುತ್ತಿದ್ದರು. ವರದಾಳನ್ನು ತೊಟ್ಟಿಲಿಗೆ ಹಾಕಿದ ದಿನ ಕೂಡ ಹೆಂಗಸರಿಗೆ ಜೋಗುಳ ಹಾಡಗೊಡಲಿಲ್ಲ. ಯಾಕೆಂದು ಕೇಳಿ ಕೇಳಿ ನಾನೂ ಬಿಟ್ಟುಬಿಟ್ಟೆ.

ವರದಾ ಅದನ್ನೆಲ್ಲ ಲೆಕ್ಕಕ್ಕೇ ಹಿಡಿಯಲಿಲ್ಲ. ಮಂಚದ ಮೇಲೆ ಅಡ್ಡ ಹಲಗೆ ಇಟ್ಟು ಅದರ ಮೇಲೆ ಜೋಡಿಸಿದಳು.

"ಬಾಬಾ, ಎಡಗಡೆ ಮನಿಗೋಳ ಮ್ಯಾಲ ಬರೇ ಒಂದು ಬಟ್ಟು ಇಡ್ರಿ. ಪೂರಾ ಕಾರ್ಡ್ ಅದ ಬಾರಸ್ತೈತಿ. ತಾಳ, ಬಾಸ್, ಸಗಳಂ, ಎಲ್ಲಾ. ನಿಮ್ಮದು ಏನೂ ತ್ರಾಸ ಇಲ್ಲ."

ಒಂದು ಬಿಳಿ ಮನೆ ಒತ್ತಿದರೆ ಮೂರು ಸ್ವರ ಒಟ್ಟಿಗೆ ನುಡಿಯುತ್ತವೆ, ಕೆಳಗೆ ತಾಳ ಸುರುವಾಗುತ್ತದೆ. ಅದರ ಎಡಕ್ಕಿರುವ ಕರಿ ಮನೆಯನ್ನೂ ಸೇರಿಸಿ ಒತ್ತಿದರೆ ಅದೇ ನಾದ ಉದಾಸವಾಗುತ್ತದೆ. ಬೆರಳು ಎತ್ತಿದರೂ ನಿಲ್ಲುವುದಿಲ್ಲ. ಇನ್ನೊಂದು ಮನೆ ಒತ್ತುವ ತನಕ ಅದೇ ಕಾರ್ಡು ತಾನೇ ತಾನಾಗಿ ಸಾಗುತ್ತಿರುತ್ತದೆ. ನಿಲ್ಲಿಸಲು ಬೇರೆ ಗುಂಡಿಯಿದೆ.

ಇವರು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳಿಟ್ಟರು. ಕೋಣೆ ತುಂಬ ವಾದ್ಯಗಳು ಎದ್ದವು. ಇವರು ಬೆಚ್ಚಿ, ಬೆನ್ನ ಹಿಂದೆ ಯಾರೋ ಬಂದು ಕುಳಿತಿದ್ದಾರೆ ಎಂಬಂತೆ ತಿರುಗಿ ನೋಡಿದರು.

ಬೇಡವೆಂದು ತಳ್ಳುತ್ತಾರೆಂದುಕೊಂಡಿದ್ದೆ. ತಳ್ಳಲಿಲ್ಲ.

ಮಂಗಳವಾರ, ೯ ಮೇ

ದಿನಾ ನಾಲ್ಕು ಗಂಟೆಗೆ ಚಹಾ ಕುಡಿದ ಕೂಡಲೇ ಎಡಗೈ ಚಾಚುತ್ತಾರೆ. ನಾನು ಹಲಗೆ ಇಡಬೇಕು. ಇವರು ಬಾರಿಸುವುದು ನಾಲ್ಕೇ ಕಾರ್ಡು. ಮೊದಲು ಉದಾಸದ್ದೊಂದು, ಆಮೇಲೆ ಮೂರು ನೆಟ್ಟಗಿನವು, ಮತ್ತೆ ಉದಾಸದ್ದು. ತಾಳವೂ ಒಂದೇ, ಮೂರು ಮಾತ್ರೆಯ ನಿಧಾನದ್ದು, ತೊಟ್ಟಿಲು ತೂಗಿದ ಹಾಗೆ. ವರದಾ ಹಳದಿ ಚೀಟಿ ಅಂಟಿಸಿ ಬೇರೆ ಬೇರೆ ಗುರುತು ಮಾಡಿ ಹೋಗಿದ್ದಾಳೆ. ಅವುಗಳ ಕಡೆ ಇವರು ನೋಡುವುದೂ ಇಲ್ಲ.

ಇದು ಯಾವ ಹಾಡು? ಕೆಳಗಿನ ನಾದ ಇದೆ, ಮೇಲಿನ ಹಾಡಿಲ್ಲ. ಗೋಡೆ ಕಟ್ಟಿ ಛಾವಣಿ ಮರೆತ ಮನೆಯಂತಿದೆ.

ಇಂದು ಬಾರಿಸುತ್ತ ಬಾರಿಸುತ್ತ ನನ್ನ ಬಲಗೈಯನ್ನೇ ನೋಡಿದರು. ಆಗ ತಿಳಿಯಿತು. ನಾನು ಕಲಿಸುವ ಶಾಲೆಯಲ್ಲಿ ಪ್ರಾರ್ಥನೆಗೆ ಹಾರ್ಮೋನಿಯಂ ಪೇಟಿ ಬಾರಿಸುವವಳು ನಾನೇ, ಅಷ್ಟಿಷ್ಟು ಬರುತ್ತದೆ. ಪಕ್ಕದಲ್ಲಿ ಕುಳಿತು ಬಲಗಡೆಯ ಮನೆಗಳ ಮೇಲೆ ಒಂದು ಭಜನೆ ಹಿಡಿದೆ. ಹೊಂದಿತು. ಆದರೆ ಇವರು ನಿಲ್ಲಿಸುವ ಗುಂಡಿ ಒತ್ತಿದರು. ಮತ್ತೆ ಮೊದಲಿನಿಂದ. ಆರತಿ ಹಿಡಿದೆ, ಒತ್ತಿದರು. ಮಕ್ಕಳ ಹಾಡು ಹಿಡಿದೆ, ಒತ್ತಿದರು. ಹನ್ನೊಂದು ಹಾಡು ಆಯಿತು. ಸಿಟ್ಟಿಲ್ಲ, ಬೇಸರವಿಲ್ಲ. ತಪ್ಪು ಲೆಕ್ಕ ತಂದ ಮಗುವಿಗೆ ಪಾಟಿ ಒರೆಸಿ ಮರಳಿ ಕೊಟ್ಟಂತೆ ಅಷ್ಟೇ.

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಇವರು ನನ್ನಿಂದ ಏನನ್ನಾದರೂ ಇಷ್ಟು ಆಸೆಯಿಂದ ಕೇಳಿದ್ದು ನೆನಪಿಲ್ಲ.

ಶುಕ್ರವಾರ, ೧೯ ಮೇ

ಬಿಸಿಲು ತಡೆಯಲಾಗದು. ಫ್ಯಾನಿನ ಗಾಳಿಯೇ ಕಾದ ಹೆಂಚಿನಂತೆ.

ನನಗೆ ಬರುವ ಹಾಡೆಲ್ಲ ಮುಗಿದಿದ್ದವು. ಇನ್ನೇನು ಬಾರಿಸಲಿ ಎಂದು ಬಲಗೈಯನ್ನು ಮನೆಗಳ ಮೇಲೆ ಸುಮ್ಮನೆ ಬಿಟ್ಟೆ. ಇವರ ನಾಲ್ಕು ಕಾರ್ಡು ಎರಡು ಸುತ್ತು ತಿರುಗಿದವು. ಮೂರನೇ ಸುತ್ತಿಗೆ ನನ್ನ ಬೆರಳು ಎದ್ದು ಏಳು ಸ್ವರ ಬಾರಿಸಿ ಕುಳಿತುಕೊಂಡಿತು.

ಇವರು ಗುಂಡಿ ಒತ್ತಲಿಲ್ಲ.

ಮತ್ತೆ ಬಾರಿಸಿದೆ. ಅದೇ ಏಳು. ಇವರ ಎರಡೂ ಕಣ್ಣಿನಿಂದ ನೀರು ಇಳಿಯಿತು. ನಾನು ಈ ಹಾಡನ್ನು ಎಲ್ಲಿಯೂ ಕೇಳಿಲ್ಲ. ನನ್ನ ತವರು ಕಂದಲಗಾಂವದಲ್ಲಿಯೂ ಇಲ್ಲ, ಶಾಲೆಯಲ್ಲಿಯೂ ಇಲ್ಲ. ಕೈ ಎಲ್ಲಿಂದ ತಂದಿತೋ.

ಗುರುವಾರ, ೧ ಜೂನ್

ಒಂದು ಸಾಲು ಪೂರ್ತಿ ಬಂದಿದೆ. ಮಾತುಗಳೂ ಬರತೊಡಗಿವೆ, ಸ್ವರದ ಹಿಂದೆ ಸ್ವರ ಹಿಡಿದುಕೊಂಡು.

ಮಧ್ಯಾಹ್ನ ಹುಣಸೆಹಣ್ಣು, ಬೆಲ್ಲ, ಉಪ್ಪು ಕುಟ್ಟಿ ಕಡ್ಡಿಗೆ ಚುಚ್ಚಿ ಚೀಪಿದೆ. ಹುಳಿ ತಿಂದರೆ ಎದೆ ಉರಿಯುತ್ತದೆ ಎಂದು ಹತ್ತು ವರ್ಷದಿಂದ ಬಿಟ್ಟಿದ್ದೆ. ಏನೂ ಉರಿಯಲಿಲ್ಲ. ಇವರಿಗೂ ಒಂದು ಚೂರು ನೆಕ್ಕಿಸಿದೆ.

ಬುಧವಾರ, ೧೪ ಜೂನ್

ಶಾಲೆ ಸುರುವಾಯಿತು. ಪಕ್ಕದ ಮನೆಯ ಸುಗಲಾಬಾಯಿ ಹಗಲು ಇವರನ್ನು ನೋಡಿಕೊಳ್ಳುತ್ತಾಳೆ. ನಾನು ಹೋದೆ, ಆದರೆ ಕುರ್ಚಿಯ ಮೇಲೆ ಕೂಡಬೇಕೆನಿಸಲಿಲ್ಲ. ನಾಲ್ಕನೇ ಇಯತ್ತೆಯ ಹುಡುಗಿಯರು ಹಿಂದೆ ಕುಳಿತು ಕಲ್ಲಾಟ ಆಡುತ್ತಿದ್ದರು. ನಾನೂ ಕುಳಿತೆ. ಒಂದು ಕಲ್ಲು ಹಾರಿಸಿ ನಾಲ್ಕು ಬಾಚಿಕೊಂಡೆ. ಹುಡುಗಿಯರು ನಗಲಿಲ್ಲ. ಯಾಕೋ ಗೋಡೆಗೆ ಸರಿದರು.

ಸೆಖೆಗೆ ಕೂದಲು ಎರಡು ಭಾಗ ಮಾಡಿ ಎರಡು ಜಡೆ ಹಾಕಿಕೊಂಡಿದ್ದೇನೆ. ಕತ್ತಿಗೆ ಹಗುರ. ಮನೆಗೆ ಬಂದಾಗ ಮಂಚದ ಮೇಲಿಂದ ಅವನು ಜಡೆಯನ್ನೇ ನೋಡುತ್ತಿದ್ದ.

ಮಂಗಳವಾರ, ೨೦ ಜೂನ್

ಸಂಜೆ ಮುಖ್ಯಾಧ್ಯಾಪಕಿ ಉಮಾಬಾಯಿ ಮನೆಗೆ ಬಂದರು. ಕುಂಕುಮದ ಬಟ್ಟಲು ಕೊಟ್ಟೆ, ಹಚ್ಚಿಕೊಳ್ಳಲಿಲ್ಲ.

"ಜಾನಕೀಬಾಯಿ, ಒಂದು ತಿಂಗಳ ರಜಾ ತಗೋರಿ. ನಿಮಗ ಆರಾಮ ಬೇಕಾಗೇತಿ."

"ನನಗೇನಾಗೇತ್ರಿ ಬಾಯಿ?"

ಅವರು ಮಂಚದ ಕಡೆ ನೋಡಿ ದನಿ ತಗ್ಗಿಸಿದರು. "ಈಗ ಒಳಗ ಬರೂಮುಂದ ನಾ ಕೇಳೇನಿ. ಶಿವಾನಂದರಾಯರಿಗೆ 'ಏ ಶಿವ್ಯಾ, ಬಾಯಿ ತಗಿ' ಅಂದ್ರಿ. ಗಂಡನಿಗೆ ಹಂಗ ಯಾರರೆ ಅಂತಾರೇನ್ರಿ?"

ನನಗೆ ನಗು ಬಂತು. ಅನ್ನ ಉಣ್ಣಿಸುವಾಗ ಮತ್ತೆ ಹೇಗೆ ಕರೆಯಬೇಕು? ಅವನು ಬಾಯಿ ತೆಗೆಯುವುದೇ ಹಾಗೆ ಕರೆದಾಗ. ರಜೆಯ ಅರ್ಜಿ ಬರೆದುಕೊಟ್ಟೆ. ಒಳ್ಳೆಯದೇ ಆಯಿತು, ಇನ್ನು ನಾಲ್ಕು ಗಂಟೆಯ ತನಕ ಕಾಯಬೇಕಿಲ್ಲ.

ಗುರುವಾರ, ೨೯ ಜೂನ್

ಅವನಿಗೆ ಗುಣವಾಗಲಿ ಎಂದು ಹರಕೆ ಹೊತ್ತಿದ್ದೆ. ಎಸ್.ಟಿ. ಬಸ್ಸು ಹಿಡಿದು ಅಕ್ಕಲಕೋಟಕ್ಕೆ ಹೋಗಿ ಮಠದಲ್ಲಿ ದರ್ಶನ ಮಾಡಿದೆ. ಗುರುವಾರದ ಗರ್ದಿ. ಅಲ್ಲಿಂದ ಸೋಮಕ್ಕನ ಮನೆಗೆ. ಸೋಮಕ್ಕ ಅವನ ಒಡಹುಟ್ಟಿದವಳು, ಹಿರಿಯಳು. ಇವರೆಲ್ಲ ಮೂಲತಃ ಕುರನೂರದವರು. ಡ್ಯಾಮು ಕಟ್ಟಿ ಹೊಲ ನೀರಿನಡಿ ಹೋದಾಗ ಸೋಮಕ್ಕನ ಗಂಡ ಅಕ್ಕಲಕೋಟದಲ್ಲಿ ಮನೆ ಮಾಡಿದರು.

ಸೋಮಕ್ಕ ರೊಟ್ಟಿ ಬಡಿಯುತ್ತಿದ್ದಳು. ನಾನು ಬದನೆಕಾಯಿ ಹೆಚ್ಚುತ್ತ ಗುನುಗಿದೆ.

ಮಣ್ಣಾಗ ಹುಟ್ಟಿ ಮಣಿಮ್ಯಾಲ ಕುಂತಾಕಿ
ಹೊಳಿಯಾಗ ಮನಿಯ ಹುಡುಕ್ಯಾಳ

ರೊಟ್ಟಿ ಬಡಿಯುವ ಸದ್ದು ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಹೊಗೆಯಾಡಿ ಕರಿದಾದರೂ ಸೋಮಕ್ಕ ತಿರುವಲಿಲ್ಲ.

"ಈ ಹಾಡು ನಿನಗ ಯಾರು ಕಲಿಸಿದ್ರು?"

"ಯಾರೂ ಇಲ್ಲ. ಕೈಗೆ ಬಂತು."

"ಸುಳ್ಳು ಹೇಳಬ್ಯಾಡ ಜಾನಕೀ. ಶಿವ್ಯಾ ಹೇಳಿಕೊಟ್ನ?"

"ಅವನಿಗೆ ಮಾತೆಲ್ಲಿ ಬರತೈತಿ?"

ಸೋಮಕ್ಕ ಹಿಟ್ಟಿನ ಕೈಯಲ್ಲೇ ನನ್ನ ಮೊಣಕೈ ಹಿಡಿದಳು. "ಇದು ಚಂದ್ರೀ ಹಾಡು. ಅಕಿ ತಾನ ಕಟ್ಟಿದ್ದು. ಊರಾಗ ಮತ್ತ್ಯಾರಿಗೂ ಬರತಿರ್ಲಿಲ್ಲ."

ಸೋಮಕ್ಕನಿಗೂ ಶಿವ್ಯಾನಿಗೂ ನಡುವೆ ಇನ್ನೊಬ್ಬಳಿದ್ದಳಂತೆ, ಚಂದ್ರಭಾಗಾ. ಹನ್ನೆರಡು ವರ್ಷದ ಹುಡುಗಿ. ಇಷ್ಟು ವರ್ಷ ಯಾರೂ ನನಗೆ ಹೇಳಿರಲಿಲ್ಲ. ಆಷಾಢದ ಮಂಗಳವಾರ ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮಾಡಿ ಪೂಜಿಸುತ್ತಾರಲ್ಲ, ಕಡೆಯ ಮಂಗಳವಾರ ಚಂದ್ರಿ ತನ್ನ ಗುಳ್ಳವ್ವನನ್ನು ಬೋರಿ ಹೊಳೆಯ ಮಡುವಿಗೆ ಮುಳುಗಿಸಲು ಹೋದಳು. ಏಳು ವರ್ಷದ ಶಿವ್ಯಾ ಬೆನ್ನು ಹತ್ತಿದ.

"ನೀರಿಗೆ ಇಳಿತೀನಿ, ಮನ್ಯಾಗ ಹೇಳಬ್ಯಾಡ, ಬಾಯಿ ಬಿಟ್ಟೀ ಅಂದ್ರ ಇನ್ನ ನಿನ್ನ ಕರಕೊಂಡು ಬರೂದಿಲ್ಲ ಅಂದಿದ್ಲಂತ" ಎಂದಳು ಸೋಮಕ್ಕ. "ಹಾಡಕೋತ ಇಳದ್ಲು. ಕಾಲು ಜಾರ್ತು. ದಂಡೀ ಹೊಲದಾಗ ನಮ್ಮಪ್ಪ ಇದ್ದ, ನಾಕು ಮಂದಿ ಆಳು ಇದ್ರು. ಒಂದು ಕೂಗು ಹಾಕಿದ್ರ ಓಡಿ ಬರತಿದ್ರು. ಶಿವ್ಯಾ ಕೂಗಲಿಲ್ಲವ್ವಾ. ಅಕ್ಕ ಹೇಳಬ್ಯಾಡ ಅಂದಾಳ ಅಂತ ಬಾಯಿ ಮುಚಗೊಂಡು ಸಂಜೀತನಕ ನಿಂತಿದ್ದ. ಅಂದಿನಿಂದ ಆ ಮನ್ಯಾಗ ಹಾಡಿಲ್ಲ."

ನನ್ನ ಮೊಣಕೈ ಬಿಡದೆ ಮತ್ತೆ ಹೇಳಿದಳು. "ಆ ಪೆಟ್ಟಿಗಿ ಮಾರಿಬಿಡು. ಹಾಡು ಪೂರಾ ಮಾಡಬ್ಯಾಡ. ಅಕಿ ಜ್ವಾಳದ ಕಾಳಿನ ಕಣ್ಣು ಇಟ್ಟು ಮಾಡಿದ್ದ ಗುಳ್ಳವ್ವ ಇನ್ನೂ ನನ್ನ ಕಣ್ಣ ಮುಂದೈತಿ."

"ಜ್ವಾಳ ಅಲ್ಲ, ಗುಲಗಂಜಿ" ಎಂದೆ. "ಒಂದು ಕಣ್ಣು ಬಿದ್ದಿತ್ತು. ಅದನ್ನ ಹುಡುಕಾಕ ಹೋಗಿ ತಡಾ ಆತು."

ಸೋಮಕ್ಕ ಕೈ ಬಿಟ್ಟಳು. ಬಸ್ಸಿನ ತನಕ ಬಂದಳು, ದಾರಿಯುದ್ದ ನನ್ನಿಂದ ನಾಲ್ಕು ಹೆಜ್ಜೆ ದೂರ ನಡೆದಳು. ವಯಸ್ಸಾದವರು, ನೆನಪು ತಪ್ಪುತ್ತದೆ. ತಿದ್ದಿದ್ದಕ್ಕೆ ಅಷ್ಟು ಬೇಜಾರಾಗಬೇಕೇ?

ಬುಧವಾರ, ೫ ಜುಲೈ

ನಿನ್ನೆ ಮೊದಲ ಗುಳ್ಳವ್ವ. ಕರಿಮಣ್ಣು ಸೋಲಾಪುರದಲ್ಲಿಯೂ ಸಿಗುತ್ತದೆ, ಸಿದ್ಧೇಶ್ವರ ಕೆರೆಯ ದಂಡೆಗೆ ಹೋಗಿ ಸೆರಗಿನಲ್ಲಿ ತಂದೆ. ಅವನ ಎಡಗೈಗೂ ಒಂದು ಉಂಡೆ ಕೊಟ್ಟೆ. ಎತ್ತು ಮಾಡಲು ನೋಡಿದ, ಬರಲಿಲ್ಲ.

ಸುಗಲಾಬಾಯಿಯ ಮನೆಗೆ ಪುಣೆಯಿಂದ ಫೋನ್ ಬಂದಿತ್ತು, ನನ್ನನ್ನು ಕರೆದಳು. ಆ ಕಡೆ ಒಬ್ಬ ಹೆಣ್ಣುಮಗಳು "ಆಯಿ, ಆಯಿ, ಯಾಕ ಹಿಂಗ ಮಾತಾಡ್ತೀ" ಎಂದು ಅಳುತ್ತಿದ್ದಳು. ಪಾಪ, ಯಾರದೋ ಮಗಳು. ತಾಯಿಯನ್ನು ಹುಡುಕುತ್ತಿರಬೇಕು. ಸಿಗುತ್ತಾಳೆ, ಅಳಬೇಡ ಎಂದು ಹೇಳಿ ಇಟ್ಟೆ.

ಮಂಗಳವಾರ, ೧೧ ಜುಲೈ

ಎರಡನೇ ಗುಳ್ಳವ್ವ. ಗುಲಗಂಜಿ ಸಿಕ್ಕಿತು. ಶಿವ್ಯಾ ನಕ್ಕ.

ರವಿವಾರ, ೧೬ ಜುಲೈ

ಹಾಡಿನ ಒಂದು ಸಾಲು ಬಾಕಿ. ಅದು ಇನ್ನೂ ಬಾಯಿಗೆ ಬಂದಿಲ್ಲ, ಆದರೆ ಅಲ್ಲೇ ಇದೆ ಎಂದು ಗೊತ್ತು, ಕತ್ತಲೆಯ ಅಟ್ಟದಲ್ಲಿ ಡಬ್ಬಿ ಇರುವುದು ಕೈಗೆ ಗೊತ್ತಿರುವಂತೆ.

ಆ ಸಾಲಿನ ಹೊತ್ತಿಗೆ ಶಿವ್ಯಾ ಪ್ರತಿ ಸಲ ಗುಂಡಿ ಒತ್ತುತ್ತಾನೆ. ಮೊದಲಿನಂತೆ ನೆಮ್ಮದಿಯಿಂದ ಅಲ್ಲ. ತಲೆ ಅಲ್ಲಾಡಿಸುತ್ತಾನೆ. ನಾನು ಹೇಳಿದೆ, ಹೆದರಬ್ಯಾಡ, ನೀರಾಗ ನಿಂತ್ರ ತಾನ ಬರತೈತಿ. ಯಾರ ಮುಂದೂ ಹೇಳಬ್ಯಾಡ ಅಷ್ಟ.

ಇಂದು ಹಲಗೆ ಇಟ್ಟರೆ ಅವನು ಎಡಗೈಯನ್ನು ಹೊದಿಕೆಯೊಳಗೆ ಬಚ್ಚಿಟ್ಟ. ನಾನೇ ಎಳೆದು ತಂದು ಬೆರಳನ್ನು ಮನೆಯ ಮೇಲೆ ಇರಿಸಿದೆ. ಹಾಡು ಹಾಡಬೇಕಲ್ಲ.

ಸೋಮವಾರ, ೨೪ ಜುಲೈ
ಅಕ್ಕಲಕೋಟ

ನಾನೂ ಶಿವ್ಯಾನೂ ಜೀಪಿನಲ್ಲಿ ಬಂದೆವು. ನಾಳೆ ಕಡೆಯ ಮಂಗಳವಾರ.

ಬುಧವಾರ, ೨೬ ಜುಲೈ
ಅಕ್ಕಲಕೋಟ

ಮೈಯೆಲ್ಲ ನೋವು. ಸೋಮಕ್ಕ ಎರಡು ಕಂಬಳಿ ಹೊದಿಸಿ ಶುಂಠಿ ಕಷಾಯ ಕೊಟ್ಟಿದ್ದಾಳೆ. ಇಷ್ಟು ದಿನ ನನಗೆ ಒಳಜ್ವರ ಬಂದಿರಬೇಕು. ಹಿಂದಿನ ವಾರಗಳು ಮಸುಕು ಮಸುಕಾಗಿವೆ. ನಿನ್ನೆಯದು ಮಾತ್ರ ಸ್ಪಷ್ಟವಾಗಿದೆ, ಅದನ್ನು ಬರೆದಿಡುತ್ತೇನೆ.

ಸೋಮಕ್ಕ ಮೊದಲು ಬೇಡವೇ ಬೇಡ ಎಂದಳು. ಬಾಗಿಲಿಗೆ ಅಡ್ಡ ನಿಂತಳು. ಆಮೇಲೆ ದೇವರ ಮುಂದೆ ಬಹಳ ಹೊತ್ತು ಕುಳಿತು ಎದ್ದು ಬಂದಳು. "ಅಕಿ ಗುಳ್ಳವ್ವ ಮುಳುಗಲೇ ಇಲ್ಲ. ದಂಡೀಮ್ಯಾಲ ಬಿದ್ದಿತ್ತು, ನಮ್ಮವ್ವ ಸಿಟ್ಟಿಲೆ ಒಡದು ಹಾಕಿದ್ಲು. ಹೋಗೂಣು ನಡಿ. ಒಮ್ಮೆ ಮುಳುಗಿಸಿಬಿಟ್ರ ಆಗರೆ ನಿನ್ನ ಬಿಡ್ತಾಳೋ ಏನೋ" ಎಂದಳು. ಆದರೆ ನನ್ನ ಸೆರಗಿನ ತುದಿಯನ್ನು ತನ್ನ ಸೊಂಟಕ್ಕೆ ಗಂಟು ಹಾಕಿಕೊಂಡಳು.

ಕುರನೂರ ಡ್ಯಾಮಿನ ಹಿನ್ನೀರಿಗೆ ಮೂರು ಗಂಟೆಗೆ ಮುಟ್ಟಿದೆವು. ಮೋಡ ಕವಿದ ಹಗಲು, ಗಾಳಿಯಿಲ್ಲ. ನೀರು ಕದಡಿದ ಚಹಾದ ಬಣ್ಣ. ದೂರದ ದಿಬ್ಬದ ಮೇಲೆ ಕುರಿ ಮೇಯುತ್ತಿದ್ದವು. ಜೀಪಿನವನು ಇವರನ್ನು ಕುರ್ಚಿ ಸಮೇತ ಇಳಿಸಿ, ಬೀಡಿ ಸೇದಲು ರಸ್ತೆಗೆ ಹೋದ. ನಾನು ಕೀಬೋರ್ಡನ್ನು ಇವರ ತೊಡೆಯ ಮೇಲಿಟ್ಟೆ. ಸೆಲ್ ಹಾಕಿ ತಂದಿದ್ದೆ. ಇವರು ಬಾರಿಸಲು ಒಲ್ಲೆನೆಂದರು. ನಾನು ಬೆರಳು ಹಿಡಿದು ಇಟ್ಟೆ, ಆಮೇಲೆ ತಾವೇ ಮನೆ ಬದಲಿಸತೊಡಗಿದರು. ಬಯಲಿನಲ್ಲಿ ಆ ನಾದ ಬಹಳ ಸಣ್ಣದಾಗಿ ಕೇಳಿತು, ನೀರಿನ ಮೇಲಿಂದ ಹೋಗಿ ಮರಳಿ ಬಂತು.

ಗುಳ್ಳವ್ವನನ್ನು ಎರಡೂ ಕೈಯಲ್ಲಿ ಹಿಡಿದು ಹಾಡುತ್ತ ಇಳಿದೆ. ಸೆರಗಿನ ಗಂಟು ಯಾವಾಗ ಬಿಚ್ಚಿದೆನೋ ಗೊತ್ತಿಲ್ಲ. ಹಿಂದೆ ಸೋಮಕ್ಕ ಕೆಸರಿನಲ್ಲಿ ಬಿದ್ದು ಒದ್ದಾಡುವುದು ಕೇಳಿಸಿತು. ನೀರು ಮೊಳಕಾಲಿಗೆ, ತೊಡೆಗೆ, ಸೊಂಟಕ್ಕೆ ಬಂತು. ತಣ್ಣಗಿರಲಿಲ್ಲ. ಯಾರೋ ಆಗಷ್ಟೇ ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿತ್ತು. ಗುಳ್ಳವ್ವನನ್ನು ಬಿಟ್ಟೆ, ಮುಳುಗಿದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ಎಡಗೈಯನ್ನು ನೀರೊಳಗೆ ಒಂದು ಸಣ್ಣ ಕೈ ಹಿಡಿದುಕೊಂಡಿತು. ಎಳೆಯಲಿಲ್ಲ. ರಸ್ತೆ ದಾಟುವಾಗ ಮಕ್ಕಳು ಹಿಡಿಯುವಂತೆ ಹಿಡಿಯಿತು, ಅಷ್ಟೇ. ನಾವಿಬ್ಬರೂ ಮುಂದೆ ನಡೆದೆವು. ಕಡೆಯ ಸಾಲು ನಾಲಿಗೆಯ ತುದಿಗೆ ಬಂದಿತ್ತು.

ಆಗ ಗಮನಿಸಿದೆ, ಹಿಂದೆ ಕಾರ್ಡು ಬದಲಾಗುತ್ತಿಲ್ಲ. ಇವರು ಕೈ ಎತ್ತಿಬಿಟ್ಟಿದ್ದರು. ಉದಾಸದ ಆ ಒಂದೇ ಕಾರ್ಡನ್ನು ಯಂತ್ರ ತನ್ನಷ್ಟಕ್ಕೆ ತೂಗುತ್ತಲೇ ಇತ್ತು, ತೂಗುತ್ತಲೇ ಇತ್ತು. ನೀರು ಗದ್ದಕ್ಕೆ ಬಂದಿತ್ತು.

"ಅಕ್ಕಾ!"

ಅದು ಮುದುಕನ ದನಿಯಲ್ಲ, ಹುಡುಗನ ದನಿಯೂ ಅಲ್ಲ. ಹರಿದ ದನಿ. ಮತ್ತೆ ಕೂಗಿದರು, ಮತ್ತೆ, ದಿಬ್ಬದ ಆ ಕಡೆಗೂ ಕೇಳುವಂತೆ. "ಅಕ್ಕಾ! ಅಕ್ಕಾ!" ಕುರಿಗಳು ಬೆದರಿ ಚೆದುರಿದವು. ಕುರಿ ಕಾಯುತ್ತಿದ್ದ ಭೀಮಣ್ಣ ಎಂಬವನು ಕಂಬಳಿ ಎಸೆದು ಓಡಿ ಬಂದು ನೀರಿಗೆ ಧುಮುಕಿದ.

ನಾನು ತಿರುಗಿ ನೋಡಿದೆ. ದಂಡೆಯ ಮೇಲೆ ಕುರ್ಚಿ ಮಗುಚಿತ್ತು. ಇವರು ಒಂದೇ ಕೈಯಿಂದ ನೆಲ ಕೆರೆಯುತ್ತ ನೀರಿನ ಕಡೆ ತೆವಳುತ್ತಿದ್ದರು, ಬಾಯಿ ತುಂಬ ಕೆಸರು. ಎಡಗೈಯಲ್ಲಿದ್ದ ಸಣ್ಣ ಕೈ ಸಡಿಲವಾಯಿತು. ಒಂದೊಂದೇ ಬೆರಳು ಬಿಟ್ಟಿತು. ಭೀಮಣ್ಣ ನನ್ನ ಬಲಗೈ ಹಿಡಿದು ಎಳೆದ. ಕಡೆಯ ಸಾಲು ಏನಿತ್ತು ಎಂಬುದು ಆಗಲೇ ಮರೆತುಹೋಗಿತ್ತು.

ದಂಡೆಗೆ ತಂದು ಹಾಕಿದ ಮೇಲೆ ಭೀಮಣ್ಣ ಬಹಳ ಹೊತ್ತು ನೀರನ್ನೇ ನೋಡುತ್ತ ನಿಂತ. "ಇನ್ನೊಬ್ಬಾಕಿ ಎಲ್ರಿ?" ಎಂದ. ಸೋಮಕ್ಕ, ಒಬ್ಬಾಕೀನ ಇದ್ಲಪ್ಪಾ, ಎಂದಳು. ಅವನು ತಲೆ ಅಲ್ಲಾಡಿಸಿದ. ಮರಳಿ ನೀರಿಗಿಳಿದು ಕತ್ತಿನ ತನಕ ಹುಡುಕಿ ಬಂದ.

ಇಂದು ಮಧ್ಯಾಹ್ನ ವರದಾ ಬಂದಳು. ಸೋಮಕ್ಕ ಫೋನ್ ಮಾಡಿಸಿದ್ದಳಂತೆ. ನನ್ನ ಮಗಳು, ಹೊಸ್ತಿಲ ಹೊರಗೇ ನಿಂತಳು, ಒಳಗೆ ಬರಲು ಹೆದರಿ.

"ಆಯಿ... ನಾ ಯಾರು ಹೇಳು?"

"ವರದಾ. ಇದೇನು ಹುಚ್ಚು ಕೇಳೋದು? ಚಪ್ಪಲಿ ಬಿಟ್ಟು ಒಳಗ ಬಾ, ಬಿಸಲಾಗ ಬಂದೀದಿ."

ಓಡಿ ಬಂದು ಕೊರಳಿಗೆ ಬಿದ್ದಳು. ಅತ್ತು ಅತ್ತು ಸಾಕಾದ ಮೇಲೆ ಕಣ್ಣೊರೆಸಿಕೊಂಡು, ಬಾಬಾ ಮಾತಾಡಿದರಂತೆ, ಖರೇನೇ ಎಂದು ಕೇಳಿದಳು. ಇವರು ಪಕ್ಕದ ಮಂಚದಲ್ಲಿದ್ದರು. ನಿನ್ನೆಯಿಂದ ಮತ್ತೆ ಒಂದು ಶಬ್ದವೂ ಹೊರಟಿಲ್ಲ. ಮೊಣಕೈ ಚರ್ಮ ಕಿತ್ತುಹೋಗಿ ಸೋಮಕ್ಕ ಅರಿಶಿನ ಹಚ್ಚಿದ್ದಾಳೆ.

"ಬಾಬಾ ಏನಂದ್ರು, ಆಯಿ? ಮೊದಲನೇ ಶಬ್ದ ಏನು?"

ಸೋಮಕ್ಕ ನನ್ನ ಮುಖ ನೋಡಿದಳು. ಇಪ್ಪತ್ತಾರು ವರ್ಷದಲ್ಲಿ ಇವರು ನನ್ನನ್ನು ಕರೆದದ್ದು 'ಏ' ಎಂದು, 'ಕೇಳಿಲ್ಲಿ' ಎಂದು, ವರದಾ ಹುಟ್ಟಿದ ಮೇಲೆ 'ವರದಾನ ಅವ್ವ' ಎಂದು. ನಿನ್ನೆ ಕರೆದದ್ದೂ ನನ್ನನ್ನಲ್ಲ. ಆದರೆ ತಿರುಗಿ ಬಂದವಳು ನಾನು.

"ನನ್ನ ಹೆಸರು ಹಿಡದು ಕರದ್ರು" ಎಂದೆ. "ಜಾನಕೀ, ಅಂದ್ರು."

ವರದಾ ಮತ್ತೆ ಅತ್ತಳು. ಸೋಮಕ್ಕ ಎದ್ದು ಚಹಾಕ್ಕೆ ಇಡಲು ಒಳಗೆ ಹೋದಳು. ಇವರು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಇವರ ತುಟಿ ನಿಧಾನಕ್ಕೆ ಆಡುತ್ತಿತ್ತು, ದನಿಯಿಲ್ಲದೆ, ಎರಡು ತುಟಿಯ ನಡುವೆ ಯಾವುದೋ ಹೊಸ ಪದವನ್ನು ಇಟ್ಟು ನೋಡುವಂತೆ.